ತಾತನ ಟ್ರಂಕಿನಲ್ಲಿ ಸಿಕ್ಕ ಜರ್ಮನ್ ಪಿಸ್ತೂಲು: ಲೂಗರ್ ಅಲ್ಲ, ಎಲ್ ಅಲಮೈನ್‌ದೂ ಅಲ್ಲ

ಓದುಗರ ಪ್ರಶ್ನೆ:

“ನಮ್ಮದು ಹಾಸನ ಜಿಲ್ಲೆ. ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ರಾಸ್ ಸ್ಯಾಪರ್ಸ್‌ನಲ್ಲಿ (ಸೈನ್ಯದ ಎಂಜಿನಿಯರ್ ಪಡೆ) ಇದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಚೆಗೆ ಹಳೇ ಮನೆ ಕೆಡವುವಾಗ ಅಟ್ಟದಿಂದ ಅವರ ಟ್ರಂಕು ಇಳಿಸಿದೆವು. ಒಳಗೆ ನಾಲ್ಕೈದು ಪದಕಗಳು (ಒಂದರ ಮೇಲೆ ಆಫ್ರಿಕಾ ಸ್ಟಾರ್, ಇನ್ನೊಂದರ ಮೇಲೆ ಇಟಲಿ ಸ್ಟಾರ್ ಅಂತಿದೆ), ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಪಿಸ್ತೂಲು, ಹಸಿರುಗಟ್ಟಿದ ಏಳೆಂಟು ತೋಟಾ ಇದ್ದವು. ಈಜಿಪ್ಟಿನ ಎಲ್ ಅಲಮೈನ್ ಯುದ್ಧದಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಸೈನ್ಯದ ಅಧಿಕಾರಿಯೊಬ್ಬನಿಂದ ತಾತ ಕಿತ್ತುಕೊಂಡ ಲೂಗರ್ ಇದು ಅಂತ ಮನೆಯಲ್ಲಿ ಮೊದಲಿನಿಂದ ಮಾತಿದೆ. ಪಿಸ್ತೂಲಿನ ಎಡಗಡೆ ‘ಪಿ.38’, ನಾಲ್ಕು ಅಂಕಿ ಒಂದು ಸಣ್ಣ ಅಕ್ಷರ, ಆಮೇಲೆ ‘ಬಿವೈಎಫ್’ ಮತ್ತು ‘44’ ಇದೆ. ಬಲಗಡೆ ಹದ್ದಿನ ಗುರುತು, ಅದರ ಕೆಳಗೆ ‘135’. ಪಕ್ಕದಲ್ಲಿ ಸ್ವಸ್ತಿಕ ಹಿಡಿದ ಇನ್ನೊಂದು ಹದ್ದು. ಮೇಲಿನ ಭಾಗ ಒಂದು ಬಣ್ಣ, ಕೆಳಗಿನದು ಇನ್ನೊಂದು ಬಣ್ಣ. ಚಿಕ್ಕಪ್ಪನ ಮಗ ಇದು ಹಿಟ್ಲರನ ಎಸ್‌ಎಸ್ ಪಡೆಯದ್ದು, ಕೋಟಿ ಬಾಳುತ್ತೆ ಅಂತಾನೆ. ಭಾವ .38 ಗುಂಡು ತಂದು ಒಂದು ಸಲ ಹಾರಿಸಿ ನೋಡೋಣ ಅಂತಾರೆ. ಅಮ್ಮ ಕೆರೆಗೆ ಎಸೆದು ಬಾ ಅಂತಾಳೆ. ಎಂಬತ್ತು ವರ್ಷ ಹಳೆಯದಕ್ಕೆ ಲೈಸೆನ್ಸ್ ಬೇಡ ಅಂತ ಊರಲ್ಲಿ ಒಬ್ಬರು ಹೇಳಿದರು. ಯಾವುದು ನಿಜ? ಠಾಣೆಗೆ ಹೋದರೆ ನಮ್ಮ ಮೇಲೇ ಕೇಸ್ ಆಗುತ್ತಾ? ತಾತನ ಹೆಸರಿಗೆ ಮಸಿ ಬೀಳುತ್ತಾ?”

ಉತ್ತರ:

ಬಾಕಿ ಎಲ್ಲ ಆಮೇಲೆ. ಮೊದಲು ಅದನ್ನು ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸಿ. ನೀವು ಗುರುತುಗಳನ್ನು ಇಷ್ಟು ವಿವರವಾಗಿ ಬರೆದಿದ್ದೀರಿ ಎಂದರೆ ಅದು ಮನೆಯಲ್ಲಿ ಕೈಯಿಂದ ಕೈಗೆ ಓಡಾಡಿದೆ ಅಂತಲೇ ಅರ್ಥ. ಒಳಗೆ ಗುಂಡು ಇದೆಯೋ ಇಲ್ಲವೋ ನೀವು ಬರೆದಿಲ್ಲ. ಹಾಗಾಗಿ ಇದೆ ಅಂತಲೇ ತಿಳಿದುಕೊಳ್ಳಿ. ಈ ಮಾದರಿಯಲ್ಲಿ ಹ್ಯಾಮರ್ (ಹಿಂದುಗಡೆಯ ಸುತ್ತಿಗೆಯಂಥ ಭಾಗ) ಮುಂದೆ ಬಿದ್ದಿದ್ದರೂ ನಳಿಗೆಯೊಳಗೆ ಗುಂಡು ಇರಬಹುದು, ಟ್ರಿಗರ್ ಒತ್ತಿದರೆ ಹಾರಲೂಬಹುದು. ಅದನ್ನು ಹಾಗೆಂದೇ ಮಾಡಿದ್ದು. ಟ್ರಂಕಿನೊಳಗೇ ಇಟ್ಟು ಬೀಗ ಹಾಕಿ. ಮಕ್ಕಳಿರುವ ಮನೆಯಾದರೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ನಾನು ಸೈನ್ಯದ ವರ್ಕ್‌ಶಾಪಿನಲ್ಲಿ ಸಣ್ಣ ಆಯುಧಗಳ ದುರಸ್ತಿಯಲ್ಲೇ ನೌಕರಿ ಮುಗಿಸಿದವನು. ನಿವೃತ್ತಿಯ ನಂತರವೂ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಬಹುತೇಕ ಎಲ್ಲದರಲ್ಲೂ ಒಂದು ‘ಲೂಗರ್’ ಇರುತ್ತದೆ, ಒಬ್ಬ ಜರ್ಮನ್ ಅಧಿಕಾರಿ ಇರುತ್ತಾನೆ. ಸಿನಿಮಾಗಳಲ್ಲಿ ಜರ್ಮನ್ ಖಳನಾಯಕನ ಕೈಯಲ್ಲಿ ಲೂಗರ್ ಬಿಟ್ಟು ಬೇರೆ ಕಾಣುವುದು ಅಪರೂಪ. ಅದಕ್ಕೇ ಜನ ಜರ್ಮನ್ ಪಿಸ್ತೂಲು ಎಂದರೆ ಲೂಗರ್ ಅಂದುಕೊಂಡುಬಿಟ್ಟಿದ್ದಾರೆ. ನಿಮ್ಮದು ಲೂಗರ್ ಅಲ್ಲ. ಅದು ವಾಲ್ಥರ್ ಕಂಪನಿ ರೂಪಿಸಿದ ಪಿ.38. ಲೂಗರ್‌ನ ಜಾಗಕ್ಕೆ ಬಂದ ಪಿಸ್ತೂಲು. ಜೊತೆಗೆ, ನಿಮ್ಮ ಕೈಯಲ್ಲಿರುವುದನ್ನು ತಯಾರಿಸಿದ್ದು ವಾಲ್ಥರ್ ಅಲ್ಲ, ಮೌಸರ್ ಎಂಬ ಇನ್ನೊಂದು ಜರ್ಮನ್ ಕಂಪನಿ! ಇದು ಗೋಜಲು ಅನ್ನಿಸಬಹುದು, ಬಿಡಿಸಿ ಹೇಳುತ್ತೇನೆ.

ಲೂಗರ್‌ಗೆ ಏನಾಯಿತು?

ಹ್ಯೂಗೋ ಬೋರ್ಶಾರ್ಟ್ ಎಂಬಾತ 1893ರಲ್ಲಿ ಒಂದು ಪಿಸ್ತೂಲು ಮಾಡಿದ. ಕೆಲಸ ಮಾಡುತ್ತಿತ್ತು, ಆದರೆ ದೊಡ್ಡದು, ಹಿಡಿಯಲು ಅನುಕೂಲವಿಲ್ಲದ್ದು. ಆಸ್ಟ್ರಿಯಾದ ಗೇಯೋರ್ಗ್ ಲೂಗರ್ ಅದನ್ನು ತಿದ್ದಿ ಚಿಕ್ಕದು ಮಾಡಿದ. 1900ರಲ್ಲಿ ಸ್ವಿಟ್ಜರ್‌ಲ್ಯಾಂಡ್ ಸೈನ್ಯ ಅದನ್ನು ತೆಗೆದುಕೊಂಡಿತು. 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಜರ್ಮನ್ ಭೂಸೇನೆ. ಭೂಸೇನೆ ತೆಗೆದುಕೊಂಡ ವರ್ಷವೇ ಹೆಸರಾಯಿತು: ಪಿ.08. ಇವತ್ತು ನಮ್ಮ ಪೊಲೀಸರಿಂದ ಹಿಡಿದು ಪ್ರಪಂಚದ ಅರ್ಧ ಸೈನ್ಯಗಳು ಬಳಸುವ 9 ಎಂಎಂ ತೋಟಾ ಇದೆಯಲ್ಲ, ಅದು ಹುಟ್ಟಿದ್ದೂ ಈ ಲೂಗರ್ ಪಿಸ್ತೂಲಿಗಾಗಿಯೇ.

ಲೂಗರ್‌ನ ವಿಶೇಷ ಅದರ ಬೆನ್ನ ಮೇಲಿನ ಕೀಲು. ನಮ್ಮ ಮಂಡಿಯ ಹಾಗೆ. ಕಾಲು ನೆಟ್ಟಗಿದ್ದಾಗ ಎಷ್ಟು ಭಾರ ಬಿದ್ದರೂ ತಡೆಯುತ್ತದೆ, ಸ್ವಲ್ಪ ಬಾಗಿದರೆ ಸಲೀಸಾಗಿ ಮಡಚಿಕೊಳ್ಳುತ್ತದೆ. ಗುಂಡು ಹಾರುವ ಕ್ಷಣದಲ್ಲಿ ಕೀಲು ನೆಟ್ಟಗಿದ್ದು ಹಿಂಭಾಗವನ್ನು ಬಿಗಿಯಾಗಿ ಮುಚ್ಚಿರುತ್ತದೆ. ನಳಿಗೆ ಹಿಂದಕ್ಕೆ ಸರಿದಾಗ ಕೀಲು ಮೇಲಕ್ಕೆ ಮಡಚಿ ಖಾಲಿ ಕೋಶವನ್ನು ಹೊರಗೆಸೆಯುತ್ತದೆ. ಇದಿಷ್ಟು ಚೆನ್ನಾಗಿ ನಡೆಯಬೇಕಾದರೆ ಪ್ರತಿ ಭಾಗವೂ ಕರಾರುವಾಕ್ಕಾಗಿ ಕೂರಬೇಕು. ಉಕ್ಕಿನ ಗಟ್ಟಿಯನ್ನು ಯಂತ್ರದಲ್ಲಿ ಹಂತ ಹಂತವಾಗಿ ಕಡೆಯಬೇಕು, ಆಮೇಲೆ ನುರಿತ ಕೆಲಸಗಾರ ಕೂತು ಅರ ಹಾಕಿ ಹೊಂದಿಸಬೇಕು. ಶಾಂತಿಕಾಲದಲ್ಲಿ ಇದು ಹೆಮ್ಮೆ, ಯುದ್ಧಕಾಲದಲ್ಲಿ ತಲೆನೋವು. ಲೂಗರ್ ಮಣ್ಣಿಗೆ ಬಿದ್ದರೆ ಕೈಕೊಡುತ್ತದೆ ಎಂಬ ಮಾತು ಇದೆ. ಸ್ವಲ್ಪ ನಿಜ, ಜಾಸ್ತಿ ಉತ್ಪ್ರೇಕ್ಷೆ. ಸೈನ್ಯ ಅದನ್ನು ಬಿಡಲು ಮುಖ್ಯ ಕಾರಣ ಅದಕ್ಕೆ ಹಿಡಿಯುತ್ತಿದ್ದ ದುಡ್ಡು ಮತ್ತು ಕೆಲಸದ ಹೊತ್ತು.

ಹೊಸ ಪಿಸ್ತೂಲು ಬೇಕು ಅಂತ ಸೈನ್ಯ ಹುಡುಕುವಾಗ ಮುಂದೆ ಬಂದದ್ದು ವಾಲ್ಥರ್. 1886ರಲ್ಲಿ ಕಾರ್ಲ್ ವಾಲ್ಥರ್ ಶುರುಮಾಡಿದ ಈ ಕಾರ್ಖಾನೆ ತುರಿಂಗಿಯಾ ಪ್ರಾಂತ್ಯದ ಜೆಲ್ಲಾ-ಮೇಲಿಸ್ ಎಂಬ ಪುಟ್ಟ ಊರಿನಲ್ಲಿತ್ತು. 1929ರಲ್ಲಿ ಅವರು ಪೊಲೀಸರಿಗಾಗಿ ಪಿಪಿ ಅನ್ನುವ ಚಿಕ್ಕ ಪಿಸ್ತೂಲು ತಂದಿದ್ದರು. ಅದರಲ್ಲಿ ಹ್ಯಾಮರ್ ಇಳಿಸಿಟ್ಟೇ ಗುಂಡು ತುಂಬಿಕೊಂಡು ಓಡಾಡಬಹುದಿತ್ತು. ಬೇಕಾದಾಗ ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಎದ್ದು ಬೀಳುತ್ತಿತ್ತು. ಸೈನ್ಯಕ್ಕೂ ಇದೇ ಬೇಕಿತ್ತು, ಆದರೆ 9 ಎಂಎಂನ ದೊಡ್ಡ ತೋಟಾಕ್ಕೆ.

ವಾಲ್ಥರ್ ಮೊದಲು ಪಿಪಿಯನ್ನೇ ದೊಡ್ಡದು ಮಾಡಿ ನೋಡಿತು. ಆಗಲಿಲ್ಲ. 9 ಎಂಎಂ ತೋಟಾದ ಒತ್ತಡ ತಡೆಯಲು ಸ್ಪ್ರಿಂಗ್ ಮತ್ತು ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ತೂಕ ಸಾಲದು, ನಳಿಗೆಯನ್ನು ಸ್ಲೈಡಿಗೆ ಬಿಗಿಯುವ ಬೀಗವೇ ಬೇಕು. ಅದಕ್ಕೆ ನಳಿಗೆಯ ಕೆಳಗೆ ಒಂದು ಸಣ್ಣ ಉಕ್ಕಿನ ತುಂಡು ಇಟ್ಟರು. ಗುಂಡು ಹಾರುವಾಗ ಅದು ಮೇಲಿದ್ದು ಎರಡನ್ನೂ ಕಚ್ಚಿ ಹಿಡಿಯುತ್ತದೆ. ಸ್ವಲ್ಪ ದೂರ ಹಿಂದೆ ಸರಿದ ಮೇಲೆ ಕೆಳಗೆ ಬಿದ್ದು ಸ್ಲೈಡನ್ನು ಬಿಟ್ಟುಕೊಡುತ್ತದೆ. ನಂತರದ ಮಾದರಿಯಲ್ಲಿ ಹ್ಯಾಮರನ್ನು ಸ್ಲೈಡಿನ ಒಳಗೆ ಮುಚ್ಚಿಟ್ಟಿದ್ದರು. ಸೈನ್ಯ ಬೇಡ ಅಂದಿತು. ಹ್ಯಾಮರ್ ಎದ್ದಿದೆಯೋ ಬಿದ್ದಿದೆಯೋ ಸಿಪಾಯಿಗೆ ಕಣ್ಣಿಗೆ ಕಾಣಬೇಕು ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಹ್ಯಾಮರನ್ನು ಹೊರಗೆ ತಂದ ಮೇಲೆ ಒಪ್ಪಿಗೆ ಸಿಕ್ಕಿತು. ಮಾದರಿಯ ಹೆಸರಿಗೆ 1938 ಸೇರಿತು. ಲೆಕ್ಕಕ್ಕೆ ಸಿಗುವಷ್ಟು ಪಿಸ್ತೂಲು ಸಿಪಾಯಿಗಳ ಸೊಂಟಕ್ಕೆ ಬಂದದ್ದು 1940ರಿಂದ.

ಇಲ್ಲೇ ನಿಮ್ಮ ಭಾವನಿಗೂ ಉತ್ತರ ಇದೆ. ‘38’ ಅನ್ನುವುದು ಇಸವಿ, ಗುಂಡಿನ ಅಳತೆಯಲ್ಲ. ಇದರ ಅಳತೆ 9 ಎಂಎಂ. .38 ಗುಂಡಿಗೂ ಇದಕ್ಕೂ ಸಂಬಂಧವಿಲ್ಲ.

ಲೋಹದ ಮೇಲಿನ ಬರಹ

ಈಗ ನೀವು ಕಳಿಸಿದ ಗುರುತುಗಳಿಗೆ ಬರೋಣ. ಯುದ್ಧ ಹತ್ತಿರವಾದಂತೆ ಜರ್ಮನ್ನರು ಆಯುಧಗಳ ಮೇಲೆ ಕಾರ್ಖಾನೆಯ ಹೆಸರು ಹಾಕುವುದನ್ನು ಬಿಟ್ಟರು. ಯಾವ ಊರಲ್ಲಿ ಏನು ತಯಾರಾಗುತ್ತಿದೆ ಅಂತ ಶತ್ರುವಿಗೆ ಗೊತ್ತಾಗಬಾರದಲ್ಲ. ಬದಲಿಗೆ ಗುಟ್ಟಿನ ಅಕ್ಷರಗಳು. ಪಿ.38 ಮಾಡಿದ್ದು ಮುಖ್ಯವಾಗಿ ಮೂರು ಕಡೆ. ವಾಲ್ಥರ್‌ನದು ‘ಎಸಿ’. ಸ್ಪ್ರೇವೆರ್ಕ್ ಎಂಬ ಕಂಪನಿಯದು ‘ಸಿವೈಕ್ಯೂ’. ಅವರ ಪಿಸ್ತೂಲು ಕಾರ್ಖಾನೆ ಇದ್ದದ್ದು ಇವತ್ತಿನ ಚೆಕ್ ದೇಶದ ಗ್ರೋಟ್ಟೌ ಊರಿನಲ್ಲಿ. ಓಬರ್ನ್‌ಡೋರ್ಫ್ ಊರಿನ ಮೌಸರ್‌ನದು ‘ಬಿವೈಎಫ್’. ಅಂದರೆ ನಿಮ್ಮದು ಮೌಸರ್ ಮಾಡಿದ್ದು. ‘44’ ಅಂದರೆ 1944.

ಮೌಸರ್‌ಗೆ ಈ ಕೆಲಸ ಬಂದದ್ದೂ ಲೂಗರ್‌ನಿಂದಲೇ. 1930ರಿಂದ ಲೂಗರ್ ತಯಾರಾಗುತ್ತಿದ್ದದ್ದು ಅವರ ಹತ್ತಿರ. 1942ರ ಕೊನೆಗೆ ಜರ್ಮನ್ ಸೈನ್ಯಕ್ಕೆ ಲೂಗರ್ ಮಾಡುವುದು ನಿಂತಿತು, ಅದೇ ಕಾರ್ಖಾನೆಯಲ್ಲಿ ಪಿ.38 ಶುರುವಾಯಿತು. ಮೂರೂ ಕಡೆ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಪಿ.38 ಹೊರಬಂದವು.

ಹದ್ದಿನ ಕೆಳಗಿನ 135 ಮೌಸರ್ ಕಾರ್ಖಾನೆಯಲ್ಲಿ ಕೂತಿದ್ದ ಸೈನ್ಯದ ತಪಾಸಣೆ ವಿಭಾಗದ ನಂಬರು. ವಾಲ್ಥರ್‌ನಲ್ಲಾದರೆ 359, ಸ್ಪ್ರೇವೆರ್ಕ್‌ನಲ್ಲಾದರೆ 88. ಸ್ವಸ್ತಿಕ ಹಿಡಿದ ಹದ್ದು ಗುಂಡು ಹಾರಿಸಿ ಪರೀಕ್ಷೆ ಮಾಡಿದ ಮುದ್ರೆ. ಈ ಎರಡು ಗುರುತುಗಳೂ ಸೈನ್ಯಕ್ಕೆ ಹೋದ ಸಾಮಾನ್ಯ ಪಿಸ್ತೂಲಿನ ಮೇಲೆಲ್ಲ ಇರುತ್ತವೆ. ನಮ್ಮಲ್ಲಿ ತಕ್ಕಡಿ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇದ್ದಷ್ಟೇ ಮಾಮೂಲಿ. ಹಿಟ್ಲರನಿಗೂ ಎಸ್‌ಎಸ್ ಪಡೆಗೂ ಇದರಿಂದ ನಂಟು ಹೇಳಲು ಬರುವುದಿಲ್ಲ. ಹಾಗಂತ ಯಾವ ಎಸ್‌ಎಸ್‌ನವನ ಕೈಯಲ್ಲೂ ಇರಲಿಲ್ಲ ಅಂತಲೂ ಹೇಳಲಾಗದು. ಅದನ್ನು ಈ ಮುದ್ರೆಗಳು ಹೇಳುವುದಿಲ್ಲ, ಅಷ್ಟೆ.

ನಾಲ್ಕು ಅಂಕಿಯ ಮುಂದಿನ ಸಣ್ಣ ಅಕ್ಷರದ ಲೆಕ್ಕವೂ ಸುಲಭ. ನಂಬರು ಹತ್ತು ಸಾವಿರ ಮುಟ್ಟಿದರೆ ಮತ್ತೆ ಒಂದರಿಂದ ಶುರು, ಜೊತೆಗೆ ಒಂದು ಅಕ್ಷರ. ಆಮೇಲೆ ಮುಂದಿನ ಅಕ್ಷರ. ‘ನಂಬರ್ ಚಿಕ್ಕದು, ಹಾಗಾಗಿ ಅಪರೂಪದ್ದು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ಬಣ್ಣದ ಬಗ್ಗೆ ನಿಮಗೆ ಅನುಮಾನ ಬಂದಿರಬಹುದು, ಯಾರೋ ಬಿಡಿಭಾಗ ಜೋಡಿಸಿದ್ದಾರಾ ಅಂತ. ಬೇರೆ ಮಾದರಿಯಾಗಿದ್ದರೆ ನನಗೂ ಅನುಮಾನ ಬರುತ್ತಿತ್ತು. ಆದರೆ ಮೌಸರ್‌ನ 1944ರ ಪಿ.38ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಹೊತ್ತಿಗೆ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಲೇಪ ಬೀಳುತ್ತಿತ್ತು. ಕೆಲವು ಭಾಗಗಳು ಹೊರಗಿನ ಕಾರ್ಖಾನೆಗಳಿಂದಲೂ ಬರುತ್ತಿದ್ದವು. 1940ರ ಪಿಸ್ತೂಲಿನ ಮೈ ಕನ್ನಡಿಯಂತೆ ಇರುತ್ತಿತ್ತು. 1944ರ ಹೊತ್ತಿಗೆ ಯಂತ್ರದ ಗೀರು ಹಾಗೇ ಉಳಿದಿರುತ್ತದೆ. ಪಾಲಿಶ್ ಮಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರೂ ಬದಲಾಗಿದ್ದರು. ನುರಿತವರು ಯುದ್ಧಕ್ಕೆ ಹೋಗಿದ್ದರು, ಅವರ ಜಾಗದಲ್ಲಿ ಬಲವಂತವಾಗಿ ಹಿಡಿದು ತಂದ ಬೇರೆ ದೇಶದವರು. ಹ್ಯಾಂಬರ್ಗ್ ಹತ್ತಿರದ ನೊಯೆನ್‌ಗಾಮೆ ಯಾತನಾ ಶಿಬಿರದಲ್ಲಿ ವಾಲ್ಥರ್ ಒಂದು ಕಾರ್ಖಾನೆಯನ್ನೇ ಇಟ್ಟು ಕೈದಿಗಳಿಂದ ಬಂದೂಕಿನ ಕೆಲಸ ಮಾಡಿಸಿತು. ಇಂಥ ವಸ್ತುವನ್ನು ಶೋಕೇಸಿನಲ್ಲಿಟ್ಟು ‘ಜರ್ಮನ್ ಎಂಜಿನಿಯರಿಂಗ್’ ಅಂತ ಹೊಗಳುವವರಿಗೆ ನಾನು ಇದನ್ನೂ ಹೇಳುತ್ತೇನೆ.

ಅಲಮೈನ್ ಅಲ್ಲ ಅಂದರೆ ಎಲ್ಲಿ?

ಎಲ್ ಅಲಮೈನ್‌ನ ದೊಡ್ಡ ಕದನ ನಡೆದದ್ದು 1942ರ ಅಕ್ಟೋಬರ್, ನವೆಂಬರ್‌ನಲ್ಲಿ. 1943ರ ಮೇ ತಿಂಗಳಲ್ಲಿ ಟ್ಯುನೀಸಿಯಾದಲ್ಲಿ ಶರಣಾಗತಿಯಾಗಿ ಉತ್ತರ ಆಫ್ರಿಕಾದ ಯುದ್ಧವೇ ಮುಗಿಯಿತು. 1944ರಲ್ಲಿ ಹುಟ್ಟಿದ ಪಿಸ್ತೂಲು ಅಲ್ಲಿರಲು ಸಾಧ್ಯವೇ ಇಲ್ಲ. ಕುಟುಂಬದ ಕಥೆಗೆ ಇದು ಸ್ವಲ್ಪ ನೋವಿನ ಸುದ್ದಿ, ಗೊತ್ತು.

ಆದರೆ ಟ್ರಂಕಿನಲ್ಲೇ ಉತ್ತರವೂ ಇದೆಯಲ್ಲ? ಇಟಲಿ ಸ್ಟಾರ್! ಆ ಪದಕ 1943ರ ಜೂನ್ 11ರಿಂದ 1945ರ ಮೇ 8ರವರೆಗೆ ಇಟಲಿಯ ಕದನದಲ್ಲಿ ಭಾಗವಹಿಸಿದವರಿಗೆ ಸಿಕ್ಕಿದ್ದು. ನಿಮ್ಮ ತಾತ ಆಫ್ರಿಕಾದಲ್ಲೂ ಇದ್ದರು, ಆಮೇಲೆ ಇಟಲಿಗೂ ಹೋದರು. ಪಿಸ್ತೂಲು ಸಿಕ್ಕಿದ್ದು ಇಟಲಿಯಲ್ಲಿ ಅನ್ನುವುದು ಹೆಚ್ಚು ಹೊಂದುತ್ತದೆ. ಎಪ್ಪತ್ತು ಎಂಬತ್ತು ವರ್ಷದಲ್ಲಿ ಮನೆಯವರ ಬಾಯಲ್ಲಿ ಎರಡು ದೇಶದ ಕಥೆ ಸೇರಿ ಒಂದಾಗಿದೆ. ಇಟಲಿಯ ಗುಡ್ಡದ ಹೆಸರು ಯಾರಿಗೆ ನೆನಪಿರುತ್ತದೆ? ರೊಮೆಲ್ ಹೆಸರು ಎಲ್ಲರಿಗೂ ಗೊತ್ತು.

ನಿಜ ಹೇಳಬೇಕೆಂದರೆ ಇಟಲಿಯ ಕಥೆ ಅಲಮೈನ್‌ಗಿಂತ ಏನೂ ಕಮ್ಮಿಯಲ್ಲ. ಭಾರತದ 4, 8 ಮತ್ತು 10ನೇ ಡಿವಿಜನ್‌ಗಳು ಅಲ್ಲಿ ಹೋರಾಡಿದವು. ಕಸೀನೋ ಬೆಟ್ಟದ ಕೆಳಗೆ ನಮ್ಮವರು ರಾಶಿ ರಾಶಿ ಸತ್ತರು. ಜರ್ಮನ್ನರು ಹಿಂದೆ ಸರಿಯುತ್ತಾ ಒಂದೊಂದು ನದಿಯ ಸೇತುವೆಯನ್ನೂ ಒಡೆದು, ದಾರಿಯುದ್ದಕ್ಕೂ ಮೈನ್ ಹೂತು ಹೋಗುತ್ತಿದ್ದರು. ಎಲ್ಲರಿಗಿಂತ ಮುಂದೆ ಹೋಗಿ ಮೈನ್ ತೆಗೆಯುವುದು, ಸೇತುವೆ ಕಟ್ಟುವುದು ಸ್ಯಾಪರ್‌ಗಳ ಕೆಲಸ. ಬೆಂಗಳೂರಿನಲ್ಲಿ ನೆಲೆ ಇರುವ ಈ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯನ್ 1944ರ ಫೆಬ್ರವರಿ 24ರಂದು ಮಿನ್ಯಾನೋ ಹತ್ತಿರ ಸಿಡಿಯಲಿದ್ದ ಮೈನ್ ಮೇಲೆ ತಾವೇ ಬಿದ್ದು ಜೊತೆಗಾರರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಶೌರ್ಯಕ್ಕೆ ಕೊಡುವ ಬ್ರಿಟಿಷ್ ಪದಕ ಜಾರ್ಜ್ ಕ್ರಾಸ್ ಬಂತು. ನಿಮ್ಮ ತಾತ ಇದ್ದದ್ದು ಇಂಥವರ ನಡುವೆ.

ಜರ್ಮನ್ನರು ಬಿಟ್ಟುಹೋದ ಬಂಕರಿಗೆ, ಮನೆಗೆ ಮೊದಲು ಕಾಲಿಡುತ್ತಿದ್ದವರೂ ಸ್ಯಾಪರ್‌ಗಳೇ. ಕೊನೆಗೆ 1945ರ ಮೇ 2ರಂದು ಇಟಲಿಯ ಜರ್ಮನ್ ಸೈನ್ಯ ಶರಣಾದಾಗ ಪಿಸ್ತೂಲುಗಳು ಗುಡ್ಡೆ ಬಿದ್ದವು. ಒಬ್ಬ ಅಧಿಕಾರಿಯ ಕೈಯಿಂದ ಕಿತ್ತುಕೊಂಡಿರಲೂಬಹುದು, ಗುಡ್ಡೆಯಿಂದ ಎತ್ತಿಕೊಂಡಿರಲೂಬಹುದು. ಅಂದಹಾಗೆ ಪಿ.38 ಅಧಿಕಾರಿಗಳಿಗೆ ಮಾತ್ರ ಕೊಡುತ್ತಿದ್ದ ಆಯುಧವಲ್ಲ. ಮೆಷಿನ್‌ಗನ್ ಹೊಡೆಯುವವನು, ಟ್ಯಾಂಕ್ ಓಡಿಸುವವನು, ಹೀಗೆ ಉದ್ದದ ರೈಫಲ್ ಹೊರಲಾಗದ ಯಾರಿಗೂ ಕೊಡುತ್ತಿದ್ದರು.

ಯುದ್ಧದ ನಂತರ ಈ ಪಿಸ್ತೂಲಿಗೆ ಏನಾಯಿತು ಅನ್ನುವುದೂ ಸ್ವಾರಸ್ಯವೇ. 1945ರ ಏಪ್ರಿಲ್‌ನಲ್ಲಿ ಫ್ರೆಂಚರು ಮೌಸರ್ ಕಾರ್ಖಾನೆಯನ್ನು ಹಿಡಿದರು. ಮುಚ್ಚಲಿಲ್ಲ. ಅಲ್ಲೇ ಇದ್ದ ಭಾಗಗಳಿಂದ ತಮ್ಮ ಸೈನ್ಯಕ್ಕೆ ಪಿ.38 ಮಾಡಿಸಿಕೊಂಡರು. ಅವು ವಿಯೆಟ್ನಾಂ ತನಕ ಹೋದವು. ವಾಲ್ಥರ್‌ನ ಊರು ರಷ್ಯನ್ನರ ಪಾಲಾಯಿತು. ಕಾರ್ಲ್ ಅವರ ಮಗ ಫ್ರಿಟ್ಜ್ ವಾಲ್ಥರ್ ಪಶ್ಚಿಮ ಜರ್ಮನಿಗೆ ಬಂದು ಉಲ್ಮ್ ಊರಿನಲ್ಲಿ ಹೊಸದಾಗಿ ಕಾರ್ಖಾನೆ ಹಾಕಿದರು. 1957ರಿಂದ ಪಶ್ಚಿಮ ಜರ್ಮನಿಯ ಹೊಸ ಸೈನ್ಯಕ್ಕೆ ಇದೇ ಪಿಸ್ತೂಲನ್ನು ಅಲ್ಯೂಮಿನಿಯಂ ಮೈಯಲ್ಲಿ ಮಾಡಿಕೊಟ್ಟರು. 1963ರಲ್ಲಿ ಅದಕ್ಕೆ ಪಿ1 ಅಂತ ಹೆಸರಾಯಿತು. ಅಮೆರಿಕದ ಸೈನ್ಯ 1985ರಲ್ಲಿ ತೆಗೆದುಕೊಂಡ ಇಟಲಿಯ ಬೆರೆಟ್ಟಾದಲ್ಲೂ ನಳಿಗೆಯ ಕೆಳಗಿನ ಆ ಬೀಳುವ ಉಕ್ಕಿನ ತುಂಡೇ ಇದೆ. ಲೂಗರ್‌ನ ಕೀಲನ್ನು ಮುಂದೆ ಯಾವ ದೊಡ್ಡ ಸೈನ್ಯವೂ ಹೊಸ ಪಿಸ್ತೂಲಿಗೆ ತೆಗೆದುಕೊಳ್ಳಲಿಲ್ಲ.

ಕೋಟಿಯ ಮಾತು

1907ರಲ್ಲಿ ಅಮೆರಿಕದ ಸೈನ್ಯ ಪಿಸ್ತೂಲು ಪರೀಕ್ಷೆ ಮಾಡಿದಾಗ ಗೇಯೋರ್ಗ್ ಲೂಗರ್ .45 ಅಳತೆಯ ಬೆರಳೆಣಿಕೆಯ ಪಿಸ್ತೂಲು ಮಾಡಿದ್ದ. ಅವುಗಳಲ್ಲಿ ಒಂದಕ್ಕೆ ಸಂಗ್ರಾಹಕರು ‘ಮಿಲಿಯನ್ ಡಾಲರ್ ಲೂಗರ್’ ಅಂತಲೇ ಹೆಸರಿಟ್ಟಿದ್ದಾರೆ. ಇಂಟರ್ನೆಟ್ಟಿನ ಕೋಟಿ ಕಥೆಗಳ ಬೇರು ಇಂಥಲ್ಲಿರುತ್ತದೆ. ನಿಮ್ಮದು ಹತ್ತು ಲಕ್ಷದಲ್ಲಿ ಒಂದು. ಅಮೆರಿಕದಲ್ಲಿ ಇದಕ್ಕೆ ಕೊಳ್ಳುವವರಿದ್ದಾರೆ, ಆದರೆ ಕೋಟಿಯ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದ ಪಿಸ್ತೂಲಿಗೆ ನ್ಯಾಯವಾದ ಬೆಲೆ ಅನ್ನುವುದೇ ಇಲ್ಲ. ಕೊಳ್ಳುತ್ತೇನೆ ಅಂತ ಬಂದವನು ಒಂದೋ ಮೋಸಗಾರ, ಇಲ್ಲ ಅಪರಾಧಕ್ಕೆ ಬೇಕಾದವನು. ಚಿಕ್ಕಪ್ಪನ ಮಗ ಅದರ ಫೋಟೋವನ್ನು ಯಾವುದಾದರೂ ಗುಂಪಿಗೆ ಹಾಕಿದ್ದರೆ ಇವತ್ತೇ ತೆಗೆಸಿ.

ಹಾರಿಸಿ ನೋಡುವ ಮಾತಂತೂ ಬೇಡವೇ ಬೇಡ. ಕಾನೂನು ಪಕ್ಕಕ್ಕಿರಲಿ. ಯುದ್ಧಕಾಲದ ಪಿ.38ರ ಸೇಫ್ಟಿ ಕಡ್ಡಿಯನ್ನು ಕೆಳಗೆ ಒತ್ತಿದರೆ ಹ್ಯಾಮರ್ ಧಡ್ ಅಂತ ಬೀಳುತ್ತದೆ, ಒಳಗಿನ ತಡೆ ಮಾತ್ರ ಗುಂಡು ಹಾರದಂತೆ ನೋಡಿಕೊಳ್ಳುತ್ತದೆ. ಆ ತಡೆ ಸವೆದಿದ್ದರೆ? ತೋಟಾದ ಹಿಂಭಾಗಕ್ಕೆ ಬಡಿಯುವ ಮೊಳೆ ಮುರಿದು ಸಿಕ್ಕಿಕೊಂಡಿದ್ದರೆ? ಸೇಫ್ಟಿ ಹಾಕುವಾಗಲೇ ಗುಂಡು ಹಾರುತ್ತದೆ. ಈ ದೋಷ ದುರಸ್ತಿಗಾರರಿಗೆಲ್ಲ ಗೊತ್ತು. ಇನ್ನು ಹಸಿರುಗಟ್ಟಿದ ತೋಟಾ. ಅದು ಹಿತ್ತಾಳೆ ಕೊಳೆತ ಗುರುತು. ಒಳಗಿನ ಮದ್ದು ಅರ್ಧ ಉರಿದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಹಿಂದೆಯೇ ಬಂದ ಇನ್ನೊಂದು ಗುಂಡು ನಳಿಗೆಯನ್ನೇ ಸೀಳಬಹುದು. ತೋಟಾಗಳನ್ನು ಉಜ್ಜಬೇಡಿ, ಬಿಸಿಲಿಗೆ ಇಡಬೇಡಿ.

ಕಾನೂನು ಏನು ಹೇಳುತ್ತದೆ?

‘ಹಳೆಯದಕ್ಕೆ ಲೈಸೆನ್ಸ್ ಬೇಡ’ ಅನ್ನುವ ಮಾತಿನಲ್ಲಿ ಒಂದು ಚೂರು ಸತ್ಯವಿದೆ, ಅದಕ್ಕೇ ಅದು ಅಪಾಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಶರತ್ತು ಇದೆ: ರಿಪೇರಿ ಮಾಡಿದರೂ ಗುಂಡು ಹಾರಿಸಲು ಬರಬಾರದು. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ನಿಮ್ಮ ಪಿಸ್ತೂಲು ಈ ವಿನಾಯಿತಿಯೊಳಗೆ ಬರುವುದಿಲ್ಲ. ಕೊಡಗಿನವರಿಗೆ ಇರುವ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಅಲ್ಲಿನ ವಂಶಪಾರಂಪರ್ಯ ಭೂಮಿ ಉಳ್ಳವರಿಗೆ), ಹಾಸನದವರಿಗಲ್ಲ. ಪಕ್ಕದ ಜಿಲ್ಲೆ ಅಂತ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಇನ್ನೂ ಗಂಭೀರವಾದದ್ದು 9 ಎಂಎಂ ಅಳತೆ. ನಮ್ಮಲ್ಲಿ ಅದು ಪ್ರಾಹಿಬಿಟೆಡ್ ಬೋರ್, ಅಂದರೆ ಸಾಮಾನ್ಯರಿಗೆ ನಿಷಿದ್ಧ. ಇದರ ಲೈಸೆನ್ಸ್ ಡಿಸಿ ಕಚೇರಿಯಲ್ಲಿ ಸಿಗುವುದಿಲ್ಲ, ಕೇಂದ್ರ ಗೃಹ ಇಲಾಖೆಯ ತನಕ ಹೋಗಬೇಕು, ಬಹಳ ಅಪರೂಪಕ್ಕೆ ಕೊಡುತ್ತಾರೆ. 2019ರ ತಿದ್ದುಪಡಿಯ ನಂತರ ನಿಷಿದ್ಧ ಆಯುಧ ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು.

ಹೆದರಿಸಲು ಹೇಳುತ್ತಿಲ್ಲ. ಇನ್ನೊಂದು ಕಡೆಯೂ ಇದೆ. ಸ್ವಾಧೀನ ಎಂದರೆ ಗೊತ್ತಿದ್ದು ಇಟ್ಟುಕೊಂಡದ್ದು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅಟ್ಟದ ಟ್ರಂಕಿನಲ್ಲಿ ಏನಿದೆ ಅಂತ ನಿಮಗೆ ತಿಳಿಯದೆ ಇದ್ದ ವರ್ಷಗಳು ನಿಮ್ಮ ತಲೆಗೆ ಬರುವುದಿಲ್ಲ ಅಂತ ವಾದಿಸಬಹುದು. ಆದರೆ ಟ್ರಂಕು ತೆರೆದ ದಿನದಿಂದ ನಿಮಗೆ ಗೊತ್ತು. ಅಲ್ಲಿಂದ ತಡಮಾಡಿದ ಪ್ರತಿ ದಿನವೂ ನಿಮ್ಮ ವಾದವನ್ನು ದುರ್ಬಲ ಮಾಡುತ್ತದೆ. ಅವಸರ ಇರುವುದು ಇದಕ್ಕೇ.

ನಿಮ್ಮ ಮುಂದಿರುವ ದಾರಿಗಳು

ಅಮ್ಮ ಹೇಳಿದ ಕೆರೆಯ ದಾರಿ ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಆದರೆ ಬೇಸಿಗೆಯಲ್ಲಿ ಕೆರೆ ಒಣಗುತ್ತದೆ, ಹೂಳೆತ್ತುವವರಿಗೋ ಮಕ್ಕಳಿಗೋ ಸಿಗುತ್ತದೆ. ಈಗಾಗಲೇ ಮನೆಯ ಐದಾರು ಜನಕ್ಕೆ, ಊರಲ್ಲಿ ಒಬ್ಬರಿಗೆ ವಿಷಯ ಗೊತ್ತು. ನಾಳೆ ಯಾರಾದರೂ ಬಾಯಿಬಿಟ್ಟರೆ ‘ಪಿಸ್ತೂಲು ಎಲ್ಲಿ’ ಅನ್ನುವ ಪ್ರಶ್ನೆಗೆ ಕೆರೆ ಅನ್ನುವ ಉತ್ತರ ಯಾರೂ ನಂಬುವುದಿಲ್ಲ. ಕತ್ತರಿಸಿ ಗುಜರಿಗೆ ಹಾಕುವುದೂ ಇದೇ ಥರ.

ಮನೆಯಲ್ಲೇ ಉಳಿಸಿಕೊಳ್ಳಬೇಕು ಅಂದರೆ ತಾತನ ಹೆಸರಲ್ಲಿ ಲೈಸೆನ್ಸ್ ಇತ್ತೇ ಅನ್ನುವುದು ಮೊದಲ ಪ್ರಶ್ನೆ. ಟ್ರಂಕಿನ ಕಾಗದಗಳನ್ನೆಲ್ಲ ನೋಡಿ. ಹಳೇ ಲೈಸೆನ್ಸ್ ಪುಸ್ತಕ, ಯೂನಿಟ್ಟಿನ ಮುದ್ರೆ ಇರುವ ಪತ್ರ ಏನಿದ್ದರೂ ತೆಗೆದಿಡಿ. ಲೈಸೆನ್ಸ್ ಇದ್ದರೆ 2016ರ ನಿಯಮಗಳಲ್ಲಿ ವಾರಸುದಾರರು ಅರ್ಜಿ ಹಾಕಲು ದಾರಿ ಇದೆ. ಆದರೂ ಅಳತೆ 9 ಎಂಎಂ ಆದ್ದರಿಂದ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಲೈಸೆನ್ಸ್ ಇರಲೇ ಇಲ್ಲ ಅಂದರೆ ಈ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ.

ನಾನು ಹೇಳುವುದು ಒಪ್ಪಿಸುವ ದಾರಿ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಮುಗಿದೋ ಬೇರೆ ಕಾರಣಕ್ಕೋ ಇಟ್ಟುಕೊಳ್ಳುವ ಹಕ್ಕು ಹೋದ ಆಯುಧವನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು. ಲೈಸೆನ್ಸೇ ಇಲ್ಲದಿದ್ದರೂ ಒಪ್ಪಿಸಬೇಕಾದದ್ದು ಅಲ್ಲಿಗೇ. ಆದರೆ ಪಿಸ್ತೂಲು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದರೆ ‘ಒಪ್ಪಿಸಲು ಹೊರಟಿದ್ದೆ’ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಮೊದಲು ಕ್ರಿಮಿನಲ್ ಕೇಸು ನೋಡುವ ಒಬ್ಬ ವಕೀಲರನ್ನು ಕಾಣಿ. ಅವರ ಮೂಲಕ ಠಾಣೆಗೆ ಅರ್ಜಿ ಬರೆಯಿರಿ, ಅದರ ಒಂದು ಪ್ರತಿ ಎಸ್‌ಪಿ ಕಚೇರಿಗೂ ಡಿಸಿ ಕಚೇರಿಗೂ ಹೋಗಲಿ. ಮನೆ ಕೆಡವಿದ್ದು, ಟ್ರಂಕು ಸಿಕ್ಕಿದ ದಿನ, ಅಲ್ಲಿದ್ದವರು, ಪಿಸ್ತೂಲಿನ ನಂಬರು, ತೋಟಾಗಳ ಲೆಕ್ಕ, ತಾತನ ಸೇವೆಯ ವಿವರ ಎಲ್ಲ ಅದರಲ್ಲಿರಲಿ. ಪೊಲೀಸರೇ ಮನೆಗೆ ಬಂದು ಪಂಚನಾಮೆ ಮಾಡಿ ತೆಗೆದುಕೊಂಡು ಹೋಗಲಿ ಅಂತ ಕೇಳಿ. ಅವರ ಆರ್ಮರರ್ (ಆಯುಧ ನೋಡಿಕೊಳ್ಳುವವರು) ಬಂದರೆ ಇನ್ನೂ ಒಳ್ಳೆಯದು, ಗುಂಡು ಇದೆಯೋ ಇಲ್ಲವೋ ಅವರೇ ನೋಡುತ್ತಾರೆ. ಸ್ವೀಕೃತಿ ಪತ್ರ ಇಲ್ಲದೆ ಕೊಡಬೇಡಿ.

ಇದರಲ್ಲಿ ಅಪಾಯ ಇಲ್ಲವೇ? ಇದೆ. ಠಾಣೆಯಲ್ಲಿ ಕೂತವರು ಹೇಗಿರುತ್ತಾರೋ ಹೇಳಲಾಗದು. ಪ್ರಶ್ನೆ ಕೇಳುತ್ತಾರೆ, ನಾಲ್ಕು ಸಲ ಓಡಾಡಿಸುತ್ತಾರೆ, ಕೇಸ್ ದಾಖಲಾಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಆದರೆ ಲೈಸೆನ್ಸ್ ಇಲ್ಲದ ಆಯುಧದ ವಿಷಯದಲ್ಲಿ 3ನೇ ಸೆಕ್ಷನ್ ಕೆಳಗೆ ವಿಚಾರಣೆ ನಡೆಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಡಿಸಿಯವರ, ಅನುಮತಿ ಬೇಕು ಅಂತ 39ನೇ ಸೆಕ್ಷನ್ ಹೇಳುತ್ತದೆ. ತಾವಾಗಿಯೇ ಬರೆದು ಒಪ್ಪಿಸಿದವರಿಗೂ ಅಡಗಿಸಿಟ್ಟು ಸಿಕ್ಕಿಬಿದ್ದವರಿಗೂ ಅಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಡಿಸಿಗೆ ಪ್ರತಿ ಕಳಿಸಿ ಅಂದದ್ದು ಇದಕ್ಕೇ.

ಕರಗಿಸಿಬಿಡುತ್ತಾರಲ್ಲ ಅಂತ ಹೊಟ್ಟೆ ಉರಿಯುತ್ತಿದ್ದರೆ ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ: ನಿಷ್ಕ್ರಿಯಗೊಳಿಸಿ ಮ್ಯೂಸಿಯಂಗೆ ಕೊಡಬೇಕೆಂದು ಕೋರಿಕೆ. ಬೆಂಗಳೂರಿನ ಹಲಸೂರಿನಲ್ಲಿರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ರೆಜಿಮೆಂಟಿನದೇ ಮ್ಯೂಸಿಯಂ ಇದೆ. ಅವರಿಗೂ ಒಂದು ಪತ್ರ ಬರೆಯಿರಿ. ಆದರೆ ನೇರವಾಗಿ ಅಲ್ಲಿಗೆ ಹೊತ್ತೊಯ್ಯಬೇಡಿ. ಸರ್ಕಾರದ ಮೂಲಕವೇ ಹೋಗಬೇಕು, ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ತಾತನ ಹೆಸರಿನ ಬಗ್ಗೆ ಕೇಳಿದ್ದೀರಿ. ಆ ಯುದ್ಧದಿಂದ ಬಂದ ಎಲ್ಲ ದೇಶದ ಸಿಪಾಯಿಗಳೂ ಕಿಟ್ ಬ್ಯಾಗಿನಲ್ಲಿ ಏನಾದರೊಂದು ತಂದಿದ್ದಾರೆ. ಬೈನಾಕ್ಯುಲರ್, ಬೆಲ್ಟಿನ ಬಿಲ್ಲೆ, ಚಾಕು, ಪಿಸ್ತೂಲು. ನಿಯಮದ ಪ್ರಕಾರ ಸರಿಯಲ್ಲ, ಆದರೆ ಅದನ್ನು ಯಾರೂ ಕಳ್ಳತನ ಅಂತ ನೋಡಿದ್ದು ನಾನು ಕಂಡಿಲ್ಲ. ಅವರು ಅದನ್ನು ಬಳಸಲೂ ಇಲ್ಲ, ಮಾರಲೂ ಇಲ್ಲ. ಎಣ್ಣೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು.

ಅವರ ನಿಜವಾದ ದಾಖಲೆ ಬೇಕಾದರೆ ಪದಕಗಳನ್ನು ತಿರುಗಿಸಿ ನೋಡಿ. ಬ್ರಿಟಿಷ್ ಸಿಪಾಯಿಗಳಿಗೆ ಕೊಟ್ಟ ಸ್ಟಾರ್ ಪದಕಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟವುಗಳ ಹಿಂದೆ ಸಾಮಾನ್ಯವಾಗಿ ನಂಬರು, ಹೆಸರು, ರೆಜಿಮೆಂಟು ಕೊರೆದಿರುತ್ತಾರೆ. ಅಕ್ಷರ ಬಹಳ ಸಣ್ಣದು, ಭೂತಗನ್ನಡಿ ಹಿಡಿಯಿರಿ. ಬ್ರಾಸೊ ಹಾಕಿ ಉಜ್ಜಬೇಡಿ, ಅಳಿಸಿಹೋಗುತ್ತದೆ. ಆ ನಂಬರನ್ನು ಬರೆದುಕೊಂಡು, ನಿಮ್ಮ ಸಂಬಂಧ ತೋರಿಸುವ ಕಾಗದದ ಜೊತೆ, ಬೆಂಗಳೂರಿನಲ್ಲಿರುವ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಪತ್ರ ಹಾಕಿ. ಇಟಲಿಯಲ್ಲಿ ಅವರು ಯಾವ ಕಂಪನಿಯಲ್ಲಿದ್ದರು ಅಂತ ಮೊದಲು ಕೇಳಿ. ಅದು ಗೊತ್ತಾದರೆ ಯಾವ ಡಿವಿಜನ್, ಯಾವ ನದಿ, ಯಾವ ತಿಂಗಳು ಅನ್ನುವುದನ್ನು ಹುಡುಕಲು ನಾನು ಸಹಾಯ ಮಾಡುತ್ತೇನೆ.